ದತ್ತಿಯಿಂದ ಬೆಳೆದ ಅಕೇಡಿಯಾ

ಅಮೆರಿಕದ ಈಶಾನ್ಯದ ತುದಿಯಲ್ಲಿ, ಮೇಯ್ನ್ ರಾಜ್ಯದ ಕರಾವಳಿಯಲ್ಲಿರುವ ಮೌಂಟ್ ಡೆಸರ್ಟ್ ದ್ವೀಪದ ಸುಮಾರು ಅರ್ಧ ನೆಲ ಅಕೇಡಿಯಾ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಯೆಲ್ಲೋಸ್ಟೋನ್‌ನಂಥ ಪಶ್ಚಿಮದ ಉದ್ಯಾನಗಳನ್ನು ಸರ್ಕಾರ ತನ್ನ ಒಡೆತನದ ಭೂಮಿಯಲ್ಲೇ ಗುರುತಿಸಿತು. ಇಲ್ಲಿ ಸರ್ಕಾರಕ್ಕೆ ಅಂಥ ಭೂಮಿಯೇ ಇರಲಿಲ್ಲ. ಖಾಸಗಿಯವರು ಕೊಂಡು, ಕೂಡಿಸಿ, ದಾನ ಕೊಟ್ಟ ತುಂಡುಗಳಿಂದ ಈ ಉದ್ಯಾನ ಆಯಿತು.

ವಾಬನಾಕಿ ಜನರ ಪೂರ್ವಿಕ ನೆಲೆಯಾದ ಈ ದ್ವೀಪ 19ನೇ ಶತಮಾನದ ಕೊನೆಗೆ ಬಾಸ್ಟನ್, ನ್ಯೂಯಾರ್ಕ್‌ಗಳ ಸಿರಿವಂತರ ಬೇಸಿಗೆಯ ಬಿಡದಿಯಾಗಿತ್ತು. ಊರೂರಿನ ಸುಧಾರಣಾ ಸಂಘಗಳು ಚಂದಾ ಎತ್ತಿ ಬೆಟ್ಟಗಳಿಗೆ ಕಾಲುದಾರಿ ಕಡಿಸುತ್ತಿದ್ದವು. ಆದರೆ ಬಂಗಲೆಗಳು ಹೆಚ್ಚಿದಂತೆ, ಬೇಕಾದಲ್ಲಿಗೆ ಸಾಗಿಸಬಲ್ಲ ಮರಕೊಯ್ಯುವ ಯಂತ್ರ ಬಂದಂತೆ ದಾರಿಯಷ್ಟೇ ಉಳಿದು ಕಾಡು ಹೋಗುವ ಭಯ ಹುಟ್ಟಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಅವರ ಮಗ ಭೂದೃಶ್ಯ ವಿನ್ಯಾಸಕ; 1897ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದ. ಸಾರ್ವಜನಿಕರ ಪರವಾಗಿ ನೆಲವನ್ನು ಒಂದು ಧರ್ಮದರ್ಶಿ ಮಂಡಳಿ ಹಿಡಿದಿಟ್ಟುಕೊಳ್ಳಬೇಕೆಂಬುದು ಅವನ ವಿಚಾರ. ತಂದೆ ಅದನ್ನೇ ಎತ್ತಿಕೊಂಡು 1901ರಲ್ಲಿ ಅಂಥ ಮಂಡಳಿಯನ್ನು ಕಟ್ಟಿದರು. 1908ರಲ್ಲಿ ಎಲೈಜಾ ಹೋಮನ್ಸ್ ಎಂಬ ಮಹಿಳೆ ಬೀಹೈವ್ ಬೆಟ್ಟವನ್ನೂ ಅದರ ಬದಿಯ ಕೊಳವನ್ನೂ ಬರೆದುಕೊಟ್ಟ ಮೇಲೆ ಕೆಲಸ ಬಿರುಸಾಯಿತು.

ದಿನನಿತ್ಯದ ಓಡಾಟವೆಲ್ಲ ಜಾರ್ಜ್ ಡಾರ್ ಎಂಬ ಅವಿವಾಹಿತ ಶ್ರೀಮಂತನದು. ಮಂಡಳಿಯ ಭೂಮಿಗೆ ತೆರಿಗೆ ಇರಲಿಲ್ಲ. ಇದನ್ನು ಸಹಿಸದವರು 1913ರಲ್ಲಿ ಅದರ ಸನ್ನದನ್ನೇ ರದ್ದುಪಡಿಸಲು ರಾಜ್ಯದ ಶಾಸನಸಭೆಯಲ್ಲಿ ಮಸೂದೆ ತಂದರು. ಡಾರ್ ರಾಜಧಾನಿಗೆ ಧಾವಿಸಿ ಅದನ್ನು ತಡೆದ. ಆದರೆ ರಾಜ್ಯ ಕೊಟ್ಟದ್ದನ್ನು ರಾಜ್ಯವೇ ಕಿತ್ತುಕೊಳ್ಳಬಹುದೆಂಬುದು ಅವನಿಗೆ ಮನದಟ್ಟಾಗಿತ್ತು. ಭೂಮಿಯನ್ನು ಒಕ್ಕೂಟ ಸರ್ಕಾರಕ್ಕೆ ಒಪ್ಪಿಸುವ ಯತ್ನ ಶುರುವಾಯಿತು. ಬಿಟ್ಟಿ ಸಿಕ್ಕ ಬೆಟ್ಟಗಳನ್ನು ಒಪ್ಪಿಕೊಳ್ಳಲೂ ಸರ್ಕಾರಕ್ಕೆ ವರ್ಷಗಳೇ ಹಿಡಿದವು. 1916ರ ಜುಲೈ 8ರಂದು ಸುಮಾರು 5,000 ಎಕರೆ ರಾಷ್ಟ್ರೀಯ ಸ್ಮಾರಕವಾಯಿತು. 1919ರಲ್ಲಿ ಲಫಯೆಟ್ ಎಂಬ ಹೆಸರಿನಲ್ಲಿ ಮಿಸಿಸಿಪಿಯ ಪೂರ್ವದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಮೊದಲ ಮೇಲ್ವಿಚಾರಕ ಡಾರ್‌ನೇ. ಪಿತ್ರಾರ್ಜಿತವನ್ನೆಲ್ಲ ನೆಲ ಕೊಳ್ಳುವುದಕ್ಕೇ ಸುರಿದು, 1944ರಲ್ಲಿ ಬಹುತೇಕ ಬರಿಗೈಯಲ್ಲಿ ಸತ್ತ.

ದಾನಿಗಳ ಮಾತು ಹೆಸರಿನಲ್ಲೂ ನಡೆಯಿತು. ಸ್ಕೂಡಿಕ್ ಪರ್ಯಾಯದ್ವೀಪವನ್ನು ಬಿಟ್ಟುಕೊಡಲಿದ್ದ ಕುಟುಂಬಕ್ಕೆ ಲಫಯೆಟ್ ಎಂಬುದು ಹಿಡಿಸದೆ, 1929ರಲ್ಲಿ ಅದು ಅಕೇಡಿಯಾ ಆಯಿತು.

ಕಿರಿಯ ಜಾನ್ ಡಿ. ರಾಕ್‌ಫೆಲರ್ ಕೊಟ್ಟದ್ದು ಸುಮಾರು 10,000 ಎಕರೆ, ಜೊತೆಗೆ ಸಾರೋಟು ರಸ್ತೆಗಳ ಜಾಲ. ಎಣ್ಣೆಯಿಂದ ಬೆಳೆದ ಮನೆತನದವನು ಮೋಟಾರು ಕಾರುಗಳಿಂದ ತಪ್ಪಿಸಿಕೊಳ್ಳಲು ಕುದುರೆಗಾಡಿಯ ದಾರಿ ಹಾಕಿಸಿದ್ದು ವಿಚಿತ್ರವೇ ಸರಿ. 1913ರಿಂದ 1940ರವರೆಗೆ ನಡೆದ ಈ ಕೆಲಸದಲ್ಲಿ ಜಲ್ಲಿಯನ್ನು ಪದರಪದರವಾಗಿ ಹಾಸಿ, ಪಕ್ಕದಲ್ಲಿ ಚರಂಡಿ, ಅಡಿಯಲ್ಲಿ ಕಲ್ಲಿನ ಮೋರಿ, ಹಳ್ಳಗಳಿಗೆ ಕಲ್ಲಿನ ಸೇತುವೆ ಕಟ್ಟಲಾಯಿತು. ಇಂದು ಉದ್ಯಾನದೊಳಗೆ ಈ ರಸ್ತೆಗಳು 45 ಮೈಲಿಯಷ್ಟಿವೆ. ಅಂಚಿನ ಒರಟು ಬಂಡೆಗಳ ಸಾಲನ್ನು ಊರವರು ರಾಕ್‌ಫೆಲರನ ಹಲ್ಲು ಎಂದು ಕರೆದರು.

1960ರಲ್ಲಿ ಅವನು ತೀರಿಕೊಂಡ ಬಳಿಕ ರಸ್ತೆಗಳು ಹದಗೆಟ್ಟವು. 1986ರಲ್ಲಿ ಹುಟ್ಟಿದ ‘ಫ್ರೆಂಡ್ಸ್ ಆಫ್ ಅಕೇಡಿಯಾ’ ಎಂಬ ಸಂಸ್ಥೆ ದಾನಿಗಳಿಂದ ಸುಮಾರು 40 ಲಕ್ಷ ಡಾಲರ್‌ಗಳ ದತ್ತಿನಿಧಿ ಕೂಡಿಸಿ, ದುರಸ್ತಿ ಸರ್ಕಾರದ್ದು, ಮುಂದಿನ ನಿರ್ವಹಣೆಗೆ ನಿಧಿಯ ಆದಾಯ ನಮ್ಮದು ಎಂಬ ಒಪ್ಪಂದಕ್ಕೆ ಬಂತು. 1999ರಲ್ಲಿ ಕಾಲುದಾರಿಗಳಿಗಾಗಿ ಸಂಸ್ಥೆಯ 90 ಲಕ್ಷ, ಉದ್ಯಾನದ ಪ್ರವೇಶಶುಲ್ಕದ 40 ಲಕ್ಷ ಡಾಲರ್ ಸೇರಿ ಇಂಥದೇ ಯೋಜನೆ ನಡೆಯಿತು. ಕಾರುಗಳ ದಟ್ಟಣೆ ತಗ್ಗಿಸಲು ಅದೇ ವರ್ಷ ಆರಂಭವಾದ ಉಚಿತ ಬಸ್ಸುಗಳಿಗೂ ಸಂಸ್ಥೆಯ ನೆರವಿದೆ.

ಹಣದಿಂದ ಆಗದ ಕೆಲಸ ಸ್ವಯಂಸೇವಕರದು. ಉದುರಿದ ಎಲೆ ಚರಂಡಿಯನ್ನು ಮುಚ್ಚಿದರೆ ನೀರು ರಸ್ತೆಯ ಮೇಲೇ ಹರಿದು ಜಲ್ಲಿಯನ್ನು ಕೊಚ್ಚಿಕೊಂಡು ಹೋಗುತ್ತದೆ. ಆದ್ದರಿಂದ ಪ್ರತಿ ನವೆಂಬರಿನಲ್ಲಿ ಒಂದು ಶನಿವಾರ ಊರವರೂ ಹೊರಗಿನವರೂ ಕುಂಟೆ ಹಿಡಿದು ಎಲೆ ಬಾಚುತ್ತಾರೆ. ಬೇರೆ ದಿನಗಳಲ್ಲಿ ಕಾಲುದಾರಿಗಳಿಗೆ ಅಡ್ಡ ಬೆಳೆದ ಕೊಂಬೆ ಸವರುವವರಿದ್ದಾರೆ. ಈಚೆಗೆ ದಾನಿಗಳ ಹಣ ಬೇರೊಂದು ಕಡೆಗೂ ಹೋಗುತ್ತಿದೆ: ಬೇಸಿಗೆ ಮನೆಗಳಿಂದಲೂ ಪ್ರವಾಸಿ ಬಾಡಿಗೆಯಿಂದಲೂ ದ್ವೀಪದಲ್ಲಿ ಕೈಗೆಟಕುವ ಬಿಡಾರ ಸಿಗದ ಹಂಗಾಮಿ ಸಿಬ್ಬಂದಿಗೆ ವಸತಿ ಒದಗಿಸುವುದಕ್ಕೆ.