ಮೀನಿನ ತೊಟ್ಟಿ: ಗಡಸು ನೀರಿನ ಸೀಮೆಯಲ್ಲಿ

ಉಷ್ಣವಲಯದ ಹೊಳೆ, ಕೆರೆ, ಜೌಗುಗಳ ಸಣ್ಣ ಮೀನುಗಳಲ್ಲಿ ಒಂದಕ್ಕೊಂದು ಹೊಂದಿಕೊಂಡು ಬಾಳುವ ಕೆಲವು ಜಾತಿಗಳನ್ನು ಆರಿಸಿ ಒಂದೇ ಗಾಜಿನ ತೊಟ್ಟಿಯಲ್ಲಿ ಸಾಕುವ ಏರ್ಪಾಡು. ಅಂಗಡಿಯವರು ಇದನ್ನು ಅಕ್ವೇರಿಯಂ ಎನ್ನುತ್ತಾರೆ. ಗಪ್ಪಿ, ಮೋಲಿ, ಪ್ಲ್ಯಾಟಿ, ಸ್ವೋರ್ಡ್‌ಟೇಲ್, ಜೀಬ್ರಾ ಮೀನು, ಗುರಾಮಿ, ಟೆಟ್ರಾ, ಏಂಜೆಲ್ ಇಂಥ ತೊಟ್ಟಿಯ ಸಾಮಾನ್ಯ ನಿವಾಸಿಗಳು. ಇವಕ್ಕೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ ಹಿತ. ಗೋಲ್ಡ್‌ಫಿಶ್ ತಂಪು ನೀರಿನ ಮೀನು. ಅಂಗಡಿಯಲ್ಲಿ ಇವುಗಳ ಜೊತೆಗೇ ಈಜುತ್ತಿದ್ದರೂ ಈ ಗುಂಪಿಗೆ ಸೇರಿದ್ದಲ್ಲ. ಹೊಸ ತೊಟ್ಟಿಯಲ್ಲಿ ಮೊದಲ ಒಂದೂವರೆ ತಿಂಗಳೊಳಗೆ ಮೀನು ಸತ್ತರೆ ರೋಗವನ್ನು ದೂರುವುದು ರೂಢಿ. ಬಹಳಷ್ಟು ಸಲ ಕೊಲ್ಲುವುದು ನೀರು.

ಬಾಗಲಕೋಟೆ ಜಿಲ್ಲೆಯ ಶಿರೂರಿನಿಂದ ಬಾದಾಮಿ, ಹುನಗುಂದ, ಇಳಕಲ್ಲಿನವರೆಗಿನ ಸೀಮೆಯಲ್ಲಿ ಆ ನೀರಿನ ಗುಣ ಹೇಳಲು ಪ್ರಯೋಗಾಲಯ ಬೇಕಿಲ್ಲ. ಎಷ್ಟು ಕುದಿಸಿದರೂ ಬೇಳೆ ಬೇಯುವುದಿಲ್ಲ, ಸೋಪಿಗೆ ನೊರೆ ಬರುವುದಿಲ್ಲ, ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಕಟ್ಟುತ್ತದೆ. ಇಂಥ ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು, ಕ್ಷಾರಗುಣವೂ ಹೆಚ್ಚು. ಬಾಗಲಕೋಟೆಯ ಸುತ್ತ ನೆಲದಡಿಯಲ್ಲಿ ಸುಣ್ಣಕಲ್ಲು, ಡಾಲೊಮೈಟ್ ಪದರಗಳಿವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರ ತನ್ನ ವರದಿಯಲ್ಲಿ ವಿವರಿಸಿದ ಕಲಾದಗಿ ಶಿಲೆಗಳು ಇವೇ. ಪೂರ್ವಕ್ಕೆ ಇಳಕಲ್ಲಿನ ಕಡೆ ಹೋದಂತೆ ಕೆಂಪು ಗ್ರಾನೈಟ್ ಸಿಗುತ್ತದೆ. ಈ ಎರಡು ಕಲ್ಲುಗಳ ವ್ಯತ್ಯಾಸ ಮೀನು ಸಾಕುವವರಿಗೂ ಬೇಕು. ಇಳಕಲ್ಲಿನ ಗ್ರಾನೈಟ್ ಚೂರು ನೀರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ನೀರನ್ನು ಬದಲಿಸುವುದಿಲ್ಲ. ಸುಣ್ಣಕಲ್ಲು ನಿಧಾನವಾಗಿ ಕರಗಿ ಗಡಸುತನ ಏರಿಸುತ್ತ ಹೋಗುತ್ತದೆ. ಕಲ್ಲಿನ ಮೇಲೆ ನಿಂಬೆರಸ ಹಿಂಡಿದಾಗ ಗುಳ್ಳೆ ಎದ್ದರೆ ಆ ಕಲ್ಲು ತೊಟ್ಟಿಗೆ ಬೇಡ.

ಮೀನಿನಲ್ಲಿ ಸುಖ ಕಾಣುವ ಹವ್ಯಾಸ ಈ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನಿನ ಜಾತಿಗಳನ್ನೂ ಅವುಗಳಿಗೆ ಹಾಕುವ ತಿನಿಸನ್ನೂ ಅದು ಹೇಳುತ್ತದೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ ಅದರ ಮೇಲೆ 1951ರಲ್ಲಿ ಲೇಖನ ಪ್ರಕಟಿಸಿದರು. ಅರಸನ ವಿನೋದವೇನೋ ಗಾಳ ಹಾಕುವುದು. ಗಾಜಿನ ತೊಟ್ಟಿ ಬಂದದ್ದು 19ನೆಯ ಶತಮಾನದ ನಡುವೆ, ಲಂಡನ್ನಿನಲ್ಲಿ. ಕರ್ನಾಟಕದಲ್ಲಿ ಅದನ್ನು ಜನರಿಗೆ ಪರಿಚಯಿಸಿದ್ದರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯದ ಪಾಲು ದೊಡ್ಡದು.

ಹೊಸ ನೀರು ಹಳೆಯದಾಗುವ ಬಗೆ

ಮೀನು ಕಿವಿರಿನ ಮೂಲಕ ಹಗಲೂ ರಾತ್ರಿ ಅಮೋನಿಯಾ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ, ಹಿಕ್ಕೆ, ಕೊಳೆತ ಎಲೆಯಿಂದಲೂ ಅದೇ ಹುಟ್ಟುತ್ತದೆ. ಹೊಳೆಯಲ್ಲಾದರೆ ಹರಿದುಹೋಗುತ್ತದೆ, ತೊಟ್ಟಿಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವವು ಬ್ಯಾಕ್ಟೀರಿಯಾಗಳು. ಎರಡನೆಯ ಹಂತದ ಕೆಲಸ ನೈಟ್ರೊಬ್ಯಾಕ್ಟರ್‌ನದು ಎಂದು ಬಹುಕಾಲ ನಂಬಲಾಗಿತ್ತು. ಸಿಹಿನೀರಿನ ತೊಟ್ಟಿಗಳಲ್ಲಿ ಅದು ನೈಟ್ರೊಸ್ಪೈರಾ ಗುಂಪಿನದೆಂದು ಟಿಮೊತಿ ಹೊವನೆಕ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಎರಡೂ ಹಂತವನ್ನು ಒಂದೇ ಜೀವಿ ಮುಗಿಸಬಲ್ಲದೆಂಬುದು 2015ರಲ್ಲಿ ತಿಳಿಯಿತು. ಇವು ತೇಲುವುದಕ್ಕಿಂತ ಹೆಚ್ಚಾಗಿ ಫಿಲ್ಟರಿನ ಸ್ಪಂಜು, ಮರಳು, ಕಲ್ಲುಗಳಿಗೆ ಲೋಳೆಯಾಗಿ ಅಂಟಿಕೊಂಡು ಬಹಳ ನಿಧಾನವಾಗಿ ಹೆಚ್ಚುತ್ತವೆ. ಹೊಸ ತೊಟ್ಟಿಯಲ್ಲಿ ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು.

ಇಲ್ಲಿಯೇ ಗಡಸು ನೀರು ಎರಡು ಮುಖ ತೋರಿಸುವುದು. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಅದರಲ್ಲಿ ವಿಷಕಾರಿಯಾದದ್ದು ಒಂದು ರೂಪ. ಪಿಎಚ್ 7, ಶಾಖ 25 ಡಿಗ್ರಿ ಇರುವ ನೀರಿನಲ್ಲಿ ಆ ವಿಷರೂಪ ಒಟ್ಟಿನ ಶೇ. 0.6ರಷ್ಟು. ಪಿಎಚ್ 8, ಶಾಖ 30 ಡಿಗ್ರಿ ಆದರೆ ಶೇ. 7ನ್ನು ದಾಟುತ್ತದೆ. ಅಂದರೆ ಮಲೆನಾಡಿನ ಮೆದು ನೀರಿನಲ್ಲಿ ಮೀನು ತಡೆದುಕೊಳ್ಳುವ ಹೊಲಸನ್ನೇ ಏಪ್ರಿಲ್ ತಿಂಗಳ ಶಿರೂರಿನ ಬೋರಿನ ನೀರಿನಲ್ಲಿ ಇಟ್ಟರೆ ಅದು ಹತ್ತು ಪಟ್ಟಿಗೂ ಹೆಚ್ಚು ವಿಷ. ಇನ್ನೊಂದು ಮುಖ ಒಳ್ಳೆಯದು. ಆ ಬ್ಯಾಕ್ಟೀರಿಯಾಗಳು ಕೆಲಸ ಮಾಡುವಾಗ ನೀರಿನ ಕ್ಷಾರಾಂಶವನ್ನು ತಿನ್ನುತ್ತ ಹೋಗುತ್ತವೆ. ಬೋರಿನ ನೀರಿನಲ್ಲಿ ಆ ದಾಸ್ತಾನು ಬೇಗ ತೀರುವುದಿಲ್ಲ, ಪಿಎಚ್ ಹಠಾತ್ತನೆ ಕುಸಿಯುವುದಿಲ್ಲ. ಆರು ವಾರ ದಾಟಿದ ಗಡಸು ನೀರಿನ ತೊಟ್ಟಿ ಮೆದು ನೀರಿನದಕ್ಕಿಂತ ಗಟ್ಟಿ.

ಮೂರನೆಯ, ನಾಲ್ಕನೆಯ ದಿನಕ್ಕೆ ಹೊಸ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗುತ್ತದೆ. ಬೇರೊಂದು ಬಗೆಯ ಬ್ಯಾಕ್ಟೀರಿಯಾಗಳು ಒಮ್ಮೆಲೇ ಹೆಚ್ಚಿದ್ದರಿಂದ ಹಾಗಾಗುವುದು. ಬಿಟ್ಟರೆ ತಾನೇ ತಿಳಿಯಾಗುತ್ತದೆ. ಆದರೆ ಬಿಡುವವರು ಯಾರು? ಭಾನುವಾರ ಮನೆಮಂದಿಯೆಲ್ಲ ಸೇರಿ ಮೀನನ್ನು ಬಕೆಟ್ಟಿಗೆ ಹಾಕಿ, ಮರಳನ್ನು ಬುಟ್ಟಿಯಲ್ಲಿ ತಿಕ್ಕಿ, ಸ್ಪಂಜನ್ನು ನಲ್ಲಿಯಡಿ ಹಿಂಡಿ, ಗಾಜು ಫಳಫಳ ಹೊಳೆಯುವಂತೆ ಒರೆಸಿ ಹೊಸ ನೀರು ತುಂಬುತ್ತಾರೆ. ಎರಡು ದಿನಕ್ಕೆ ಒಂದು ಮೀನು ಮೇಲೆ ತೇಲುತ್ತದೆ. ಮುಂದಿನ ಭಾನುವಾರ ಮತ್ತೆ ತಿಕ್ಕುವುದು. ಈ ಶುಚಿತ್ವದಷ್ಟು ಮೀನು ಕೊಂದ ರೋಗ ಇನ್ನೊಂದಿಲ್ಲ ಎಂದರೆ ತಪ್ಪಾಗಲಾರದು. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಮೆಲ್ಲಗೆ ಎರಡು ಸಲ ಒತ್ತಿ ತೆಗೆದರೆ ಸಾಕು. ಕಂದು ಬಣ್ಣದ ಆ ಲೋಳೆಯೇ ತೊಟ್ಟಿಯ ಪ್ರಾಣ. ಗೆಳೆಯರ ಮನೆಯ ಹಳೆಯ, ರೋಗವಿಲ್ಲದ ತೊಟ್ಟಿಯಿಂದ ಅಂಥ ಸ್ಪಂಜಿನ ತುಂಡೊಂದನ್ನು ಒದ್ದೆ ಇರುವಾಗಲೇ ತಂದು ಹೊಸ ಫಿಲ್ಟರಿಗೆ ಸೇರಿಸಿದರೆ ವಾರಗಟ್ಟಲೆ ಕಾಯುವುದು ಉಳಿಯುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ.

ಮೀನಿಲ್ಲದೆಯೇ ತೊಟ್ಟಿಯನ್ನು ಹದಕ್ಕೆ ತರಬಹುದು: ಫಿಲ್ಟರ್ ನಡೆಸುತ್ತ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿದರೆ ಅದು ಕೊಳೆತು ಬ್ಯಾಕ್ಟೀರಿಯಾಕ್ಕೆ ಊಟವಾಗುತ್ತದೆ. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣತೊಡಗಿದ ದಿನ ತೊಟ್ಟಿ ಸಿದ್ಧ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹೊರಲೆಕ್ಕಕ್ಕೆ 56 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾದ ನೀರು 45 ಲೀಟರಿನ ಆಸುಪಾಸು. ಇದರಲ್ಲಿ ಮೊದಲು ಮೂರು ನಾಲ್ಕು ಸಣ್ಣ ಮೀನು, ಎರಡು ವಾರ ಬಿಟ್ಟು ಇನ್ನಷ್ಟು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು. ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರುವುದುಂಟು. ಅದರ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಹಾರಿಹೋಗುತ್ತದೆ. ಅವಸರಕ್ಕೆ ಸೋಡಿಯಂ ಥಯೋಸಲ್ಫೇಟ್ ಇದೆ, ಅಂಗಡಿಯಲ್ಲಿ ಆ್ಯಂಟಿಕ್ಲೋರಿನ್ ಎಂದರೆ ಕೊಡುತ್ತಾರೆ.

ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತಂದು ಅದನ್ನೇ ತೊಟ್ಟಿಗೆ ತುಂಬುವವರಿದ್ದಾರೆ. ಆರ್‌ಒ ಯಂತ್ರ ಲವಣಗಳನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದಿರುವುದರಿಂದ ಬರೀ ಆ ನೀರಿನಲ್ಲಿ ಪಿಎಚ್ ನಿಲ್ಲುವುದಿಲ್ಲ, ಬ್ಯಾಕ್ಟೀರಿಯಾ ಸೊರಗುತ್ತವೆ. ಬೋರಿನ ನೀರಿಗೆ ಸಮ ಬೆರೆಸಿದರೆ ಮಾತ್ರ ಒಳ್ಳೆಯ ನೀರಾಗುತ್ತದೆ. ಒಮ್ಮೆ ಹಿಡಿದ ಅಳತೆಯನ್ನು ಆಮೇಲೆ ಬದಲಿಸಬಾರದು.

ಬೇಸಿಗೆ

ಶಾಖ ಏರಿದಂತೆ ನೀರು ಹಿಡಿದಿಡುವ ಆಮ್ಲಜನಕ ಇಳಿಯುತ್ತದೆ: 25 ಡಿಗ್ರಿಯಲ್ಲಿ ಲೀಟರಿಗೆ 8.3 ಮಿಲಿಗ್ರಾಂ, 35ರಲ್ಲಿ ಸುಮಾರು 7. ಅದೇ ಹೊತ್ತಿಗೆ ಮೀನಿನ ಉಸಿರಾಟ ಜೋರಾಗಿರುತ್ತದೆ. ಹೊರಗೆ 40 ಡಿಗ್ರಿ ದಾಟುವ ಇಲ್ಲಿನ ಬೇಸಿಗೆಯಲ್ಲಿ ಕರೆಂಟು ಹೋಗಿ ಏರ್ ಪಂಪ್ ನಿಂತರೆ, ನಸುಕಿನಲ್ಲಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಬ್ಯಾಟರಿಯ ಪಂಪ್ ಒಂದು ಮನೆಯಲ್ಲಿರಲಿ. ಇಲ್ಲದಿದ್ದರೆ ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಅಲ್ಲೇ ಸುರಿಯುವುದೂ ಕೆಲಸ ಮಾಡುತ್ತದೆ. ಈ ಸೀಮೆಯ ಒಣಗಾಳಿ ಒಂದು ಅನುಕೂಲ: ಮುಚ್ಚಳ ತೆಗೆದು ಸಣ್ಣ ಫ್ಯಾನ್ ಬೀಸಿದರೆ ನೀರು ಆವಿಯಾಗುತ್ತ ಎರಡು ಮೂರು ಡಿಗ್ರಿ ತಂಪಾಗುತ್ತದೆ, ಮಣ್ಣಿನ ಕೊಡದ ನೀರು ತಣ್ಣಗಾಗುವ ರೀತಿಯೇ ಇದು. ಆದರೆ ಆವಿಯಾಗುವುದು ನೀರು ಮಾತ್ರ, ಲವಣವಲ್ಲ. ಕಡಿಮೆಯಾದಷ್ಟಕ್ಕೂ ಬೋರಿನ ನೀರನ್ನೇ ತುಂಬುತ್ತ ಹೋದರೆ ಮೇ ತಿಂಗಳ ಹೊತ್ತಿಗೆ ತೊಟ್ಟಿಯ ನೀರು ಬೋರಿಗಿಂತ ಎಷ್ಟೋ ಪಾಲು ಗಡಸಾಗಿರುತ್ತದೆ. ಈ ತುಂಬುವ ಕೆಲಸಕ್ಕೆ ಘಟಕದ ಆರ್‌ಒ ನೀರೇ ತಕ್ಕದ್ದು.

ಯಾವ ಮೀನು

ನೀರನ್ನು ಮೀನಿಗೆ ಒಗ್ಗಿಸುವ ಗೊಡವೆಗಿಂತ ನೀರಿಗೆ ಒಗ್ಗುವ ಮೀನು ತರುವುದು ಜಾಣತನ. ನಿಯಾನ್ ಟೆಟ್ರಾ ಅಮೆಜಾನ್ ಸೀಮೆಯ ಮೆದು ನೀರಿನದು; ಇಲ್ಲಿ ಅದರ ಬಾಳು ಕಷ್ಟ. ಮೋಲಿ, ಗಪ್ಪಿ, ಪ್ಲ್ಯಾಟಿ, ಸ್ವೋರ್ಡ್‌ಟೇಲ್‌ಗಳಿಗೆ ಗಡಸು ನೀರೇ ಬೇಕು. ಮೋಲಿಯಂತೂ ಮೆದು ನೀರಿನಲ್ಲಿ ನಿಂತಲ್ಲೇ ನಡುಗುತ್ತ ಸೊರಗುತ್ತದೆ. ಜೀಬ್ರಾ ಮೀನು ನಮ್ಮ ದೇಶದ್ದೇ, ಎರಡೂ ತಡೆಯುತ್ತದೆ. ಆರಕ್ಕೆ ಕಡಿಮೆ ಇಡಬಾರದು. ಟೈಗರ್ ಬಾರ್ಬ್ ಉಳಿದವುಗಳ ರೆಕ್ಕೆ ಕಡಿಯುತ್ತದೆ. ಅಂಗೈ ಅಗಲ ಬೆಳೆದ ಏಂಜೆಲ್ ಬಾಯಿಗೆ ಹಿಡಿಸುವ ಮೀನನ್ನೆಲ್ಲ ನುಂಗುತ್ತದೆ. ಇನ್ನು ಗಪ್ಪಿ: ಭಾರತಕ್ಕೆ 1908ರಲ್ಲಿ ಬಂದ ಈ ದಕ್ಷಿಣ ಅಮೆರಿಕದ ಮೀನನ್ನು ಸೊಳ್ಳೆಮರಿ ತಿನ್ನಲೆಂದು ಕರ್ನಾಟಕದ ಹಳ್ಳಿಗಳ ಬಾವಿ, ಸಿಮೆಂಟ್ ತೊಟ್ಟಿಗಳಿಗೆ ಬಿಟ್ಟಿದ್ದಾರೆ. ಅಂಥ ತೊಟ್ಟಿಯಲ್ಲಿ ತಲೆಮಾರುಗಟ್ಟಲೆ ಇದೇ ನೀರು ಕುಡಿದು ಬೆಳೆದ ಬೂದು ಬಣ್ಣದ ಗಪ್ಪಿಗೆ ಅಂಗಡಿಯ ಬಣ್ಣದ ಬಾಲವಿಲ್ಲ, ಆದರೆ ಹೊಸ ತೊಟ್ಟಿಗೆ ಮೊದಲ ಬಾಡಿಗೆದಾರ ಅದೇ.

ಚೆನ್ನೈನ ಕೊಳತ್ತೂರಿನಂಥ ಕಡೆಯಿಂದ ಚೀಲದಲ್ಲಿ ದೂರ ಪಯಣಿಸಿ ಬಂದ ಮೀನನ್ನು ತೊಟ್ಟಿಗೆ ಬಿಡುವಾಗ ಚೀಲ ಬಿಚ್ಚದೆ ಹದಿನೈದು ಇಪ್ಪತ್ತು ನಿಮಿಷ ತೇಲಬಿಡಬೇಕು. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುವುದರಿಂದ ಅಲ್ಲಿ ಸೇರಿದ ಅಮೋನಿಯಾ ಸುಮ್ಮನಿರುತ್ತದೆ. ಬಿಚ್ಚಿ ಗಾಳಿಯಾಡಿದೊಡನೆ ಪಿಎಚ್ ಏರಿ ಅದು ವಿಷವಾಗತೊಡಗುತ್ತದೆ. ಆದ್ದರಿಂದ ಬಿಚ್ಚಿದ ಮೇಲೆ ತಡಮಾಡದೆ ಬಲೆಯಲ್ಲಿ ಹಿಡಿದು ಬಿಡುವುದು, ಚೀಲದ ನೀರನ್ನು ಹೊರಗೆ ಚೆಲ್ಲುವುದು. ಎರಡು ವಾರ ಬೇರೆ ಬಕೆಟ್ಟಿನಲ್ಲೋ ಡಬ್ಬಿಯಲ್ಲೋ, ಗಾಳಿಯ ಪಂಪ್ ಹಾಕಿ ಇಟ್ಟು ನೋಡಿಕೊಂಡರೆ ಇನ್ನೂ ಉತ್ತಮ.

ಆಹಾರ ದಿನಕ್ಕೆ ಒಂದೆರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ. ಹೊಂಡದ ಮೀನಿಗೆ ಚುರಮುರಿ ಎರಚುವ ಅಭ್ಯಾಸ ಗಾಜಿನ ತೊಟ್ಟಿಗೆ ಬರಬಾರದು.

ರೋಗಗಳು

ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಕಂಡರೆ ಅದು ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಪರಜೀವಿ. ಡಿಸೆಂಬರ್, ಜನವರಿಯ ಚಳಿರಾತ್ರಿಗಳಲ್ಲಿ ನೀರು ತಣ್ಣಗಾದಾಗ ಇದು ತಲೆಯೆತ್ತುವುದು ಹೆಚ್ಚು. ಚುಕ್ಕೆ ಮಾಗಿ ಕೆಳಗೆ ಬಿದ್ದು, ತಳದಲ್ಲಿ ಒಡೆದು ನೂರಾರು ಮರಿಗಳಾಗಿ ಮತ್ತೆ ಮೀನನ್ನು ಹುಡುಕುತ್ತದೆ. ಔಷಧಿ ತಾಗುವುದು ಆ ಈಜುವ ಮರಿಗಳಿಗೆ ಮಾತ್ರ. ಹಾಗಾಗಿ ಚುಕ್ಕೆ ಮಾಯವಾದ ದಿನವೇ ಔಷಧಿ ನಿಲ್ಲಿಸಿದರೆ ವಾರದಲ್ಲಿ ಮರಳುತ್ತದೆ. ಹೀಟರಿನಿಂದ ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಲೀಟರಿಗೆ ಎರಡು ಮೂರು ಗ್ರಾಂ ಉಪ್ಪು ಬೆರೆಸಿ ಹತ್ತು ಹನ್ನೆರಡು ದಿನ ಹಾಗೆಯೇ ಇಟ್ಟರೆ ಮೋಲಿ, ಗಪ್ಪಿಗಳು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತವೆ.

ಬಾಯಿಗೆ, ಬೆನ್ನಿಗೆ ಹತ್ತಿ ಅಂಟಿದಂತೆ ಕಾಣುವ ಕಾಲಮ್ನಾರಿಸ್‌ಗೆ ಈ ಉಪಾಯ ತಿರುಗುಬಾಣ. ಬ್ಯಾಕ್ಟೀರಿಯಾದ ಆ ರೋಗ ಬಿಸಿಗೆ ಇನ್ನಷ್ಟು ಹರಡುತ್ತದೆ. ಬೂಷ್ಟು ಎಂದು ತಿಳಿದು ಮೋಸಹೋಗುವವರು ಬಹಳ. ನೈಟ್ರೈಟ್ ಹೆಚ್ಚಿದಾಗ ರಕ್ತ ಆಮ್ಲಜನಕ ಹೊರಲಾರದೆ ಕಿವಿರು ಕಂದಾಗುತ್ತದೆ. ಅದು ರೋಗವಲ್ಲ, ನೀರು ಬದಲಿಸಿ ಚೂರು ಉಪ್ಪು ಹಾಕಿದರೆ ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನಲ್ಲೇ ತಡೆಯುತ್ತದೆ. ಅಂಗಡಿಯ ನೀಲಿ, ಹಳದಿ ಶೀಷೆಗಳನ್ನು ಕಾರಣ ತಿಳಿಯದೆ ಸುರಿದರೆ ಫಿಲ್ಟರಿನ ಬ್ಯಾಕ್ಟೀರಿಯಾಗಳೂ ಸಾಯಬಹುದು, ತೊಟ್ಟಿ ಮತ್ತೆ ಮೊದಲ ವಾರಕ್ಕೆ ಮರಳುತ್ತದೆ.

ಪಾಚಿ ತಿನ್ನುತ್ತದೆ ಎಂದು ಹೇಳಿ ಮಾರುವ ಸಕ್ಕರ್ ಮೀನು ಬೆರಳುದ್ದ ಇದ್ದದ್ದು ಒಂದಡಿ ದಾಟಿ ಬೆಳೆಯುತ್ತದೆ. ಎರಡಡಿ ತೊಟ್ಟಿಯಲ್ಲಿ ಅದು ತಿರುಗಲಾರದಾದಾಗ ಮಲಪ್ರಭೆಗೋ ಊರ ಕೆರೆಗೋ ಬಿಟ್ಟು ಬರುವುದುಂಟು. ಭಾರತದ ಹಲವು ಹೊಳೆ, ಕೆರೆಗಳಲ್ಲಿ ಈ ಪರದೇಶಿ ಮೀನು ನೆಲೆಯೂರಿದ್ದು ಹೀಗೆಯೇ. ಅದರ ಮುಳ್ಳುರೆಕ್ಕೆಗೆ ಸಿಕ್ಕಿ ಮೀನುಗಾರರ ಬಲೆ ಹರಿಯುತ್ತದೆ. ಬೆಳೆದ ಸಕ್ಕರ್ ಮೀನನ್ನು ತಂದ ಅಂಗಡಿಗೇ ಒಯ್ದು ಕೊಟ್ಟರೆ ಎಷ್ಟೋ ಜನ ತಕರಾರಿಲ್ಲದೆ ತೆಗೆದುಕೊಳ್ಳುತ್ತಾರೆ.