ಚಳಿಯಲ್ಲಿ ಕಾರಿನ ಹೊಗೆ ಮತ್ತು ಇಂಧನ ಬಳಕೆ

ಚಳಿ ಏರಿದಷ್ಟೂ ಕಾರು ಹೆಚ್ಚು ಇಂಧನ ಕುಡಿಯುತ್ತದೆ, ಅದು ಬಿಡುವ ಹೊಗೆಯೂ ಹೆಚ್ಚು ಕೊಳಕಾಗುತ್ತದೆ. ಎರಡಕ್ಕೂ ಮುಖ್ಯ ಕಾರಣ ಇಂಜಿನ್ ಬಿಸಿಯಾಗುವ ಮೊದಲಿನ ಕೆಲವೇ ನಿಮಿಷಗಳು. ರಾತ್ರಿಯೆಲ್ಲ ನಿಂತು ಹೊರಗಿನ ಹವೆಯಷ್ಟೇ ತಣ್ಣಗಾದ ಇಂಜಿನ್ನನ್ನು ಚಾಲೂ ಮಾಡುವುದಕ್ಕೆ ಕೋಲ್ಡ್ ಸ್ಟಾರ್ಟ್ ಎಂದು ಹೆಸರು. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಂತೆ, ಊರೊಳಗಿನ ಓಡಾಟದಲ್ಲಿ ಪೆಟ್ರೋಲ್ ಕಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೊಡುವ ಮೈಲೇಜು ಮೈನಸ್ 7 ಡಿಗ್ರಿಯಲ್ಲಿ ಸುಮಾರು ಶೇ. 15ರಷ್ಟು ಇಳಿಯುತ್ತದೆ. ಐದಾರು ಕಿಲೋಮೀಟರಿನ ಓಟವಾದರೆ ನಷ್ಟ ಶೇ. 24ರವರೆಗೂ ಹೋಗಬಹುದು.

ಚಳಿಗಾಲದ ಬೆಳಗ್ಗೆ ಸೈಲೆನ್ಸರಿನಿಂದ ಏಳುವ ಬಿಳಿ ಹೊಗೆ ನಿಜಕ್ಕೂ ಹೊಗೆಯಲ್ಲ, ನೀರಿನ ಹಬೆ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಉರಿಯುವಾಗ ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ ಎಂದರೆ ಅನೇಕರು ನಂಬುವುದಿಲ್ಲ. ಬೇಸಿಗೆಯಲ್ಲೂ ಅಷ್ಟೇ ನೀರು ಹೊರಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ತಣ್ಣನೆಯ ಗಾಳಿಯಲ್ಲಿ ಮಾತ್ರ ಅದು ಸಣ್ಣ ಹನಿಗಳಾಗಿ ಬೆಳ್ಳಗೆ ಕಾಣುತ್ತದೆ. ಚಳಿಯಲ್ಲಿ ನಮ್ಮ ಉಸಿರು ಬೆಳ್ಳಗೆ ಕಾಣುವುದೂ ಇದೇ ಕಾರಣಕ್ಕೆ. ಕೊಳವೆ ಇನ್ನೂ ತಣ್ಣಗಿದ್ದರೆ ಹಬೆ ಒಳಗೇ ನೀರಾಗಿ ತೊಟ್ಟಿಕ್ಕುತ್ತದೆ. ದಿನವೂ ಹತ್ತಿರದ ಓಡಾಟವನ್ನಷ್ಟೇ ಮಾಡುವ ಕಾರಿನಲ್ಲಿ ಈ ನೀರು ಪೂರ್ತಿ ಆರುವುದೇ ಇಲ್ಲ, ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಇಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ, ಸಿಹಿ ವಾಸನೆ ಬರುತ್ತಿದ್ದರೆ ಮಾತ್ರ ಕೂಲೆಂಟ್ ಸೋರಿ ಸಿಲಿಂಡರಿಗೆ ಇಳಿಯುತ್ತಿರಬಹುದು. ಅದನ್ನು ಮೆಕ್ಯಾನಿಕ್‌ಗೆ ತೋರಿಸಬೇಕು.

ಈ ನಿರುಪದ್ರವಿ ಹಬೆಯೂ ಉಪದ್ರವ ಕೊಡುವ ಊರೊಂದಿದೆ: ಅಲಾಸ್ಕಾದ ಫೇರ್‌ಬ್ಯಾಂಕ್ಸ್. ಅಲ್ಲಿ ಉಷ್ಣಾಂಶ ಮೈನಸ್ 30 ಡಿಗ್ರಿಗೂ ಕೆಳಗಿಳಿದಾಗ ಕಾರು, ಚಿಮಣಿಗಳಿಂದ ಬಂದ ಹಬೆ ಗಾಳಿಯಲ್ಲೇ ಹೆಪ್ಪುಗಟ್ಟಿ ಸಣ್ಣ ಹಿಮಕಣಗಳ ಮಂಜಾಗುತ್ತದೆ. ತಣ್ಣನೆಯ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ನಿಂತು ಊರಿಗೆ ಮುಚ್ಚಳ ಹಾಕಿದಂತಾಗುವುದರಿಂದ ಮಂಜು ಚದುರುವುದಿಲ್ಲ. ಅಲಾಸ್ಕಾ ವಿಶ್ವವಿದ್ಯಾಲಯದ ಕಾರ್ಲ್ ಬೆನ್ಸನ್ 1960ರ ದಶಕದಲ್ಲಿ ಈ ಮಂಜನ್ನು ವಿವರವಾಗಿ ಅಧ್ಯಯನ ಮಾಡಿ, ಇದನ್ನೂ ವಾಯುಮಾಲಿನ್ಯವೆಂದೇ ಪರಿಗಣಿಸಬೇಕೆಂದು ತೋರಿಸಿದರು.

ಅಪಾಯವಿರುವುದು ಕಾಣದ ಅನಿಲಗಳಲ್ಲಿ. ಪೆಟ್ರೋಲ್ ದ್ರವರೂಪದಲ್ಲಿ ಉರಿಯುವುದಿಲ್ಲ, ಆವಿಯಾಗಬೇಕು. ತಣ್ಣನೆಯ ಸಿಲಿಂಡರಿನಲ್ಲಿ ಅದರ ಒಂದು ಪಾಲು ಆವಿಯಾಗದೆ ಗೋಡೆಗೆ ಅಂಟಿಕೊಳ್ಳುತ್ತದೆ. ಉಳಿದದ್ದು ಹೊತ್ತಿಕೊಳ್ಳಲು ಸಾಲಬೇಕಾದರೆ ಹೆಚ್ಚು ಪೆಟ್ರೋಲ್ ಸುರಿಯಲೇಬೇಕು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದವರು ಬೆಳಗ್ಗೆ ಚೋಕ್ ಎಳೆಯುತ್ತಿದ್ದುದು ಇದಕ್ಕೇ. ಚೋಕ್ ಗಾಳಿಯನ್ನು ತಡೆದು ಮಿಶ್ರಣವನ್ನು ಗಟ್ಟಿ ಮಾಡುತ್ತಿತ್ತು. ಈಗ ಅದೇ ಕೆಲಸವನ್ನು ಕಂಪ್ಯೂಟರ್ ಸದ್ದಿಲ್ಲದೆ ಮಾಡುತ್ತದೆ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ, ತೂಕದಲ್ಲಿ, ಸರಿಯಾದ ಪ್ರಮಾಣ. ಗಾಳಿ ಅದಕ್ಕಿಂತ ಕಡಿಮೆಯಾದಾಗ ಇಂಗಾಲ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಆಗಿಯೂ, ಉರಿಯದ ಪೆಟ್ರೋಲ್ ಹೈಡ್ರೋಕಾರ್ಬನ್ ಆಗಿಯೂ ಹೊರಬರುತ್ತವೆ.

ಇವನ್ನು ಶುದ್ಧ ಮಾಡಬೇಕಾದ ಕ್ಯಾಟಲಿಟಿಕ್ ಕನ್ವರ್ಟರ್ ಆ ಹೊತ್ತಿಗೆ ಇನ್ನೂ ನಿದ್ದೆಯಲ್ಲಿರುತ್ತದೆ. ಸುಮಾರು 250ರಿಂದ 300 ಡಿಗ್ರಿಗೆ ಕಾಯದೆ ಅದು ಕೆಲಸ ಶುರು ಮಾಡುವುದಿಲ್ಲ. ಹೀಗಾಗಿ ಹೊಗೆ ಅತ್ಯಂತ ಕೊಳಕಾಗಿರುವ ಗಳಿಗೆಯಲ್ಲೇ ಕಾವಲುಗಾರನಿಲ್ಲ. ಇದಕ್ಕೆ ಪರಿಹಾರವಾಗಿ ಕನ್ವರ್ಟರನ್ನು ಇಂಜಿನ್ನಿಗೆ ಒತ್ತಿಕೊಂಡಂತೆ ಕೂರಿಸುತ್ತಾರೆ. ಕಿಡಿಯನ್ನು ಬೇಕೆಂದೇ ತಡಮಾಡಿ ಬಿಸಿ ಹೊಗೆಯನ್ನು ಅದಕ್ಕೆ ಹಾಯಿಸುತ್ತಾರೆ. ಅಂದರೆ ಆ ಹೊತ್ತಿನ ಪೆಟ್ರೋಲಿನ ಒಂದು ಭಾಗ ಕಾರನ್ನು ಓಡಿಸಲು ಅಲ್ಲ, ಕನ್ವರ್ಟರನ್ನು ಕಾಯಿಸಲು ಉರಿಯುತ್ತದೆ.

ಕಾನೂನು ಕೋಲ್ಡ್ ಸ್ಟಾರ್ಟಿನ ಹೊಗೆಯನ್ನು ಗಮನಿಸಿದ್ದು ತಡವಾಗಿ. ಯುರೋಪಿನ ಪರೀಕ್ಷೆಯಲ್ಲಿ 2000ದವರೆಗೆ ಇಂಜಿನ್ ಚಾಲೂ ಆದ ಮೊದಲ 40 ಸೆಕೆಂಡಿನ ಹೊಗೆಯನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಕಳ್ಳ ಓಡಿಹೋದ ಮೇಲೆ ಬಾಗಿಲು ಕಾದಂತೆ! ಅಮೆರಿಕ 1994ರ ಮಾದರಿಗಳಿಂದ ಮೈನಸ್ 7 ಡಿಗ್ರಿಯ ಪರೀಕ್ಷೆಯನ್ನು ಜಾರಿಗೆ ತಂದು, ಕಾರ್ಬನ್ ಮೊನಾಕ್ಸೈಡಿಗೆ ಮೈಲಿಗೆ 10 ಗ್ರಾಂ ಮಿತಿ ಹಾಕಿತು. ಅದೇ ಉಷ್ಣಾಂಶದಲ್ಲಿ ಯುರೋಪ್ ವಿಧಿಸಿದ ಮಿತಿ ಕಿಲೋಮೀಟರಿಗೆ 15 ಗ್ರಾಂ.

ಮೈಲೇಜು ಕುಸಿಯಲು ಬೇರೆ ಕಾರಣಗಳೂ ಕೂಡಿಕೊಳ್ಳುತ್ತವೆ. ಇಂಜಿನ್ ಆಯಿಲ್ ಚಳಿಗೆ ಮಂದವಾಗಿ ಘರ್ಷಣೆ ಹೆಚ್ಚಿಸುತ್ತದೆ. ಆಯಿಲ್ ಡಬ್ಬದ ಮೇಲಿನ 5ಡಬ್ಲ್ಯೂ-30 ಎಂಬ ಗುರುತಿನಲ್ಲಿ ‘ಡಬ್ಲ್ಯೂ’ ಎಂದರೆ ವಿಂಟರ್, ಅದರ ಹಿಂದಿನ ಅಂಕಿ ಕಡಿಮೆಯಿದ್ದಷ್ಟೂ ಚಳಿಯಲ್ಲಿ ಆಯಿಲ್ ಸುಲಭವಾಗಿ ಹರಿಯುತ್ತದೆ. ತಣ್ಣನೆಯ ಗಾಳಿ ದಟ್ಟ: 25 ಡಿಗ್ರಿಗೆ ಹೋಲಿಸಿದರೆ ಮೈನಸ್ 7ರಲ್ಲಿ ಶೇ. 12ರಷ್ಟು ಹೆಚ್ಚು, ಹೆದ್ದಾರಿಯಲ್ಲಿ ಅದನ್ನು ಸೀಳಿಕೊಂಡು ಹೋಗಲು ಅಷ್ಟು ಹೆಚ್ಚು ಬಲ ಬೇಕು. ಉಷ್ಣಾಂಶ ಐದಾರು ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ, ಟೈರು ಉರುಳಲು ಹೆಚ್ಚು ಬಲ ಬೇಕಾಗುತ್ತದೆ. ಹೊರಡುವ ಮುನ್ನ ಹತ್ತು ನಿಮಿಷ ನಿಂತಲ್ಲೇ ಇಂಜಿನ್ ಓಡಿಸಿ ಕಾಯಿಸುವುದು ಕಾರ್ಬ್ಯುರೇಟರ್ ಕಾಲದ ಅಭ್ಯಾಸ. ಹಾಗೆ ನಿಂತಿರುವಾಗ ಕಾರು ಕೊಡುವ ಮೈಲೇಜು ಸೊನ್ನೆ. ಅರ್ಧ ನಿಮಿಷ ಬಿಟ್ಟು ನಿಧಾನವಾಗಿ ಓಡಿಸತೊಡಗಿದರೆ ಈಗಿನ ಇಂಜಿನ್ ಬೇಗ ಕಾಯುತ್ತದೆ. ಕೆನಡಾ, ಅಲಾಸ್ಕಾ, ಸ್ಕ್ಯಾಂಡಿನೇವಿಯಾಗಳಲ್ಲಿ ರಾತ್ರಿ ವಿದ್ಯುತ್ ಹೀಟರಿನಿಂದ ಇಂಜಿನ್ ಬೆಚ್ಚಗಿಡುತ್ತಾರೆ. ಅಲ್ಲಿನ ಹಳೆಯ ಪೆಟ್ರೋಲ್ ಕಾರುಗಳ ಮೂತಿಯಿಂದಲೂ ಪ್ಲಗ್ ಇಳಿಬಿದ್ದಿರುವುದು ಹೊಸಬರಿಗೆ ವಿಚಿತ್ರವಾಗಿ ಕಾಣುತ್ತದೆ.

ಡೀಸೆಲ್‌ನ ತೊಂದರೆ ಬೇರೆ. ಅದರಲ್ಲಿರುವ ಮೇಣ ಚಳಿಗೆ ಗರಣೆಗಟ್ಟಿ ಫಿಲ್ಟರನ್ನು ಮುಚ್ಚುತ್ತದೆ. ಲಡಾಖಿಗಾಗಿ ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ಚಳಿಗಾಲದ ಡೀಸೆಲ್ ಮೈನಸ್ 33 ಡಿಗ್ರಿಯವರೆಗೂ ಹರಿಯುತ್ತದೆ. ಹೊಗೆಯ ವಿಷಯಕ್ಕೆ ಬಂದರೆ, ಯುರೋಪಿನಲ್ಲಿ ಕೆಲವು ಡೀಸೆಲ್ ಕಾರುಗಳ ತಂತ್ರಾಂಶ 15ರಿಂದ 33 ಡಿಗ್ರಿಯ ಆಚೀಚೆ ಹೊಗೆ ಶುದ್ಧೀಕರಣವನ್ನು ಸಡಿಲಿಸುತ್ತಿತ್ತು. ಆ ಖಂಡದ ಬಹುಭಾಗದಲ್ಲಿ ವರ್ಷದ ಹೆಚ್ಚಿನ ದಿನ 15 ಡಿಗ್ರಿಗಿಂತ ಕೆಳಗೇ ಇರುತ್ತದೆ! ಯುರೋಪಿನ ನ್ಯಾಯಾಲಯ 2022ರ ಜುಲೈನಲ್ಲಿ ಇಂಥ ತಂತ್ರಾಂಶವನ್ನು ಕಾನೂನುಬಾಹಿರವೆಂದಿತು.

ಕರ್ನಾಟಕದಲ್ಲಿ ಇಂಥ ಚಳಿಯಿಲ್ಲ. ಬೆಂಗಳೂರಿನ ಅತಿ ಕಡಿಮೆ ದಾಖಲೆಯೇ 1884ರ ಜನವರಿ 13ರ 7.8 ಡಿಗ್ರಿ. ಆದರೂ ಕನ್ವರ್ಟರಿಗೆ 15 ಡಿಗ್ರಿಯ ಬೆಳಗೂ ತಣ್ಣನೆಯದೇ. ಮಗುವನ್ನು ಎರಡು ಕಿಲೋಮೀಟರ್ ದೂರದ ಶಾಲೆಗೆ ಬಿಟ್ಟು ಬರುವ ಕಾರು ಇಲ್ಲೂ ತನ್ನ ಓಟದ ದೊಡ್ಡ ಪಾಲನ್ನು ಇಂಜಿನ್ ಕಾಯುವುದರಲ್ಲೇ ಕಳೆಯುತ್ತದೆ.

ಹೊಗೆಯೇ ಇಲ್ಲದ ವಿದ್ಯುತ್ ಕಾರನ್ನೂ ಚಳಿ ಬಿಡುವುದಿಲ್ಲ. ಮೈನಸ್ 7 ಡಿಗ್ರಿಯಲ್ಲಿ ಬೆರೆತ ಓಡಾಟಕ್ಕೆ ಅದರ ಮೈಲೇಜು ಸುಮಾರು ಶೇ. 39ರಷ್ಟು ಕುಗ್ಗಬಹುದೆಂದು ಅದೇ ಅಮೆರಿಕದ ಇಲಾಖೆ ಹೇಳುತ್ತದೆ. ಹೆಚ್ಚಿನ ವಿದ್ಯುತ್ತಿನ ಮೂರರಲ್ಲಿ ಎರಡು ಪಾಲು ಒಳಗೆ ಕೂತವರನ್ನು ಬೆಚ್ಚಗಿಡಲಿಕ್ಕೇ ಖರ್ಚು. ಪೆಟ್ರೋಲ್ ಕಾರಿನಲ್ಲಿ ಆ ಬಿಸಿ ಇಂಜಿನ್ ವ್ಯರ್ಥ ಮಾಡಿದ ಶಾಖದಿಂದ ಪುಕ್ಕಟೆಯಾಗಿ ಸಿಗುತ್ತದೆ.