ಮೂವತ್ತೆರಡರ ಲೆಕ್ಕ

ಒಂದು ಸ್ಕೌಟ್ ದಳದಲ್ಲಿ ಎಷ್ಟು ಹುಡುಗರಿರಬೇಕು? 32ನ್ನು ಮೀರದಿದ್ದರೆ ಒಳ್ಳೆಯದು ಎಂದವರು ಚಳವಳಿಯ ಜನಕ ಬೇಡನ್ ಪೊವೆಲ್. ಅವರು ಕೊಟ್ಟ ಕಾರಣ ಸ್ವಾರಸ್ಯಕರವಾಗಿದೆ. ಒಬ್ಬೊಬ್ಬ ಹುಡುಗನ ಸ್ವಭಾವ ಅರಿತು ಬೆಳೆಸಲು ತಮಗೆ ಸಾಧ್ಯವಾದದ್ದು ಸುಮಾರು 16 ಮಂದಿಯನ್ನು ಮಾತ್ರ. ಉಳಿದವರು ತಮಗಿಂತ ಇಮ್ಮಡಿ ಸಮರ್ಥರೆಂದು ಇಟ್ಟುಕೊಂಡರೂ 32 ಆಯಿತು!

ಸೇನಾಧಿಕಾರಿಯ ಈ ವಿನಯದ ಹಿಂದೆ ಅನುಭವವಿತ್ತು. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಅವರು ಸುಮಾರು 20 ಹುಡುಗರ ಪ್ರಾಯೋಗಿಕ ಶಿಬಿರ ನಡೆಸಿದರು. ಸಿರಿವಂತರ ಶಾಲೆಗಳಿಂದ ಬಂದವರೂ ಕಾರ್ಮಿಕರ ಮಕ್ಕಳೂ ಅಲ್ಲಿ ಬೆರೆತಿದ್ದರು. ತೋಳ, ಗೂಳಿ, ಕಾಗೆ ಮತ್ತು ಕರ್ಲ್ಯೂ ಎಂಬ ಹಕ್ಕಿಯ ಹೆಸರಿನ ನಾಲ್ಕು ತಂಡಗಳು. ಪ್ರತಿ ತಂಡಕ್ಕೂ ಹಿರಿಯ ಹುಡುಗನೊಬ್ಬ ನಾಯಕ. ತಂಡದ ನಡತೆಗೆ ಅವನೇ ಹೊಣೆ.

ಇದೇ ಪೆಟ್ರೋಲ್ ಪದ್ಧತಿ. ಆರೆಂಟು ಹುಡುಗರನ್ನು ಅವರಲ್ಲೊಬ್ಬನೇ ನಡೆಸುತ್ತಾನೆ. ಸ್ಕೌಟ್ ಮಾಸ್ಟರ್ ಮುಖ್ಯವಾಗಿ ಪಳಗಿಸಬೇಕಾದದ್ದು ಈ ನಾಯಕರನ್ನು.

ಹೇಳುವುದು ಸುಲಭ. ಅನ್ನ ಸೀದು ವಾಸನೆ ಬಂದಾಗ ದೊಡ್ಡವರ ಕೈ ಸುಮ್ಮನಿರುವುದೇ? ಸಂಬಳವಿಲ್ಲದೆ ಬಿಡುವಿನ ವೇಳೆ ಕೊಡುವ ಸ್ವಯಂಸೇವಕರಿಗೆ ಶಿಬಿರ ಅಚ್ಚುಕಟ್ಟಾಗಿ ಕಾಣಲಿ ಎಂಬ ಆಸೆ ಸಹಜ. ಆದರೆ ಅವರು ಸೌಟು ಹಿಡಿದರೆ ಹುಡುಗ ಹೆಸರಿಗಷ್ಟೇ ನಾಯಕ. ಇನ್ನು ದಳ 60ಕ್ಕೆ ಏರಿದರಂತೂ ಸೀಟಿ ಊದಿ ಸಾಲು ನಿಲ್ಲಿಸುವುದರಲ್ಲೇ ಸಂಜೆ ಮುಗಿಯುತ್ತದೆ.

ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದ್ದು 1909ರಲ್ಲಿ, ಬೆಂಗಳೂರಿನಲ್ಲಿ. ಭಾರತೀಯ ಹುಡುಗರಿಗೆ ಆಗ ಅದರಲ್ಲಿ ಪ್ರವೇಶವಿರಲಿಲ್ಲ. ಇಂದು ನಮ್ಮ ಶಾಲೆಗಳಲ್ಲಿ ಸ್ಕೌಟ್ ಮಾಸ್ಟರ್ ಸಾಮಾನ್ಯವಾಗಿ ಮೇಷ್ಟ್ರೇ. ಬೆಳಿಗ್ಗೆ ಪಾಠ ಒಪ್ಪಿಸಿಕೊಂಡವರು ಸಂಜೆ ಅದೇ ಹುಡುಗನ ತೀರ್ಮಾನಕ್ಕೆ ಕಾದು ನಿಲ್ಲಬೇಕು.